ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಸ್ಟೋರೇಜ್: ಉಚಿತ ಸಾಫ್ಟ್‌ವೇರ್‌ಗಳಲ್ಲಿ ನಿಮಗೆ ಯಾವುದು?

ಸರ್ವರ್‌ಗಳೊಳಗಿನ ಡಿಸ್ಕ್‌ಗಳನ್ನೇ ಒಟ್ಟುಗೂಡಿಸಿ, ಎಲ್ಲ ಸರ್ವರ್‌ಗಳಿಗೂ ಸೇರಿದ ಒಂದು ಸ್ಟೋರೇಜ್ ಮಾಡಿಕೊಡುವ ಸಾಫ್ಟ್‌ವೇರ್‌ಗೆ ವರ್ಚುವಲ್ ಸ್ಯಾನ್ ಎನ್ನುತ್ತಾರೆ. ಒಂದು ಸರ್ವರ್ ಕೆಟ್ಟಾಗ ಅದರ ಮೇಲಿದ್ದ ವರ್ಚುವಲ್ ಮಶೀನ್‌ಗಳು (ಸರ್ವರ್‌ನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಪ್ರತ್ಯೇಕ ಕಂಪ್ಯೂಟರ್‌ಗಳು) ಇನ್ನೊಂದರಲ್ಲಿ ಶುರುವಾಗಬೇಕಾದರೆ ಡೇಟಾ ಅಲ್ಲೂ ಇರಬೇಕು. ಇದರ ಕೆಲಸ ಅದೇ. 2023ರ ನವೆಂಬರ್‌ನಲ್ಲಿ ಇಂಥ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕಂಪನಿ ಬ್ರಾಡ್‌ಕಾಮ್ ಪಾಲಾದ ಮೇಲೆ, ಒಮ್ಮೆ ಹಣ ಕೊಟ್ಟು ಕಾಯಂ ಲೈಸೆನ್ಸ್ ಕೊಳ್ಳುವ ದಾರಿ ಮುಚ್ಚಿತು. ಆಗಿನಿಂದ ಸಣ್ಣ ಸಂಸ್ಥೆಗಳ ಸರ್ವರ್ ಕೋಣೆಗಳಲ್ಲಿ ಉಚಿತ ಸಾಫ್ಟ್‌ವೇರ್‌ನ ವಿಚಾರಣೆ ಜೋರಾಗಿದೆ. ಈ ಸಂಚಿಕೆಯಲ್ಲಿ ಅಂಥ ಪ್ರಶ್ನೆಗಳಿಗೇ ಜಾಗ.

ಪ್ರಶ್ನೆ: ನಮ್ಮದು ಎಂಜಿನಿಯರಿಂಗ್ ಕಾಲೇಜು. ಒಂದೇ ಮಾದರಿಯ ಮೂರು ಸರ್ವರ್ ಇವೆ. ಪ್ರತಿಯೊಂದರಲ್ಲಿ 128 ಜಿಬಿ ರ್‍ಯಾಮ್, 1.92 ಟಿಬಿಯ ನಾಲ್ಕು ಎಂಟರ್‌ಪ್ರೈಸ್ ಎಸ್‌ಎಸ್‌ಡಿ, ಎರಡು ಪೋರ್ಟಿನ 10 ಗಿಗಾಬಿಟ್ ಕಾರ್ಡ್ ಇದೆ. 10 ಗಿಗಾಬಿಟ್ ಸ್ವಿಚ್ ಮಾತ್ರ ಇಲ್ಲ. ಗ್ರಂಥಾಲಯ, ಪರೀಕ್ಷಾ ವಿಭಾಗ, ಆನ್‌ಲೈನ್ ಪಾಠದ ಮೂಡಲ್ ಎಲ್ಲ ಸೇರಿ ಇಪ್ಪತ್ತೈದು ವರ್ಚುವಲ್ ಮಶೀನ್‌ಗಳಾಗುತ್ತವೆ. ಸೆಫ್ ಎಂಬ ಉಚಿತ ವರ್ಚುವಲ್ ಸ್ಯಾನ್ ಹಾಕಿ ಎನ್ನುವವರೂ ಇದ್ದಾರೆ, ಮೂರು ಸರ್ವರ್‌ಗೆ ಸೆಫ್ ಬೇಡವೇ ಬೇಡ ಎನ್ನುವವರೂ ಇದ್ದಾರೆ. ಏನು ಮಾಡೋಣ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಹತ್ತಿರ ಇರುವ ಸಾಮಾನಿಗೆ, ವರ್ಚುವಲ್ ಮಶೀನ್ ಓಡಿಸುವ ಪ್ರಾಕ್ಸ್‌ಮಾಕ್ಸ್ ವಿಇ ಮತ್ತು ಅದರೊಳಗೇ ಬರುವ ಸೆಫ್ ಸರಿಯಾದ ಆಯ್ಕೆ. ಎರಡೂ ಮುಕ್ತ ತಂತ್ರಾಂಶ. ಪ್ರಾಕ್ಸ್‌ಮಾಕ್ಸ್ ಆಸ್ಟ್ರಿಯಾದ ವಿಯೆನ್ನಾದ ಕಂಪನಿಯದ್ದು, ಡೆಬಿಯನ್ ಮೇಲೆ ಕಟ್ಟಿದ್ದು. ಹಣ ಕೊಡದಿದ್ದರೂ ಯಾವ ಸೌಲಭ್ಯವನ್ನೂ ಕಡಿತ ಮಾಡುವುದಿಲ್ಲ; ಚಂದಾ ಇಲ್ಲದ ರೆಪೊಸಿಟರಿಯಿಂದ ಅಪ್‌ಡೇಟ್ ಪಡೆಯಬೇಕು, ಲಾಗಿನ್ ಆದಾಗ ಒಂದು ಸೂಚನೆ ಬರುತ್ತದೆ, ಅಷ್ಟೆ.

ಮೂರು ಸರ್ವರ್‌ಗೆ ಸೆಫ್ ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಗಾಗಿ ಜಾಗದ ಲೆಕ್ಕವನ್ನು ಮೊದಲು ನೋಡಿ. ಒಂದು ಸರ್ವರ್‌ನಲ್ಲಿ 7.68 ಟಿಬಿ, ಮೂರರಲ್ಲಿ ಒಟ್ಟು 23.04 ಟಿಬಿ. ಸೆಫ್ ಪ್ರತಿಯೊಂದು ತುಣುಕನ್ನೂ ಮೂರು ಸರ್ವರ್‌ಗಳಲ್ಲಿ ಒಂದೊಂದು ಪ್ರತಿ ಇಡುವುದರಿಂದ ಬಳಕೆಗೆ ಸಿಗುವುದು 7.68 ಟಿಬಿ. ಇಲ್ಲಿಗೇ ಲೆಕ್ಕ ಮುಗಿಸುವವರು ಮುಂದೆ ಸಿಕ್ಕಿಬೀಳುತ್ತಾರೆ. ಒಂದು ಸರ್ವರ್‌ನ ಒಂದು ಡಿಸ್ಕ್ ಸತ್ತಿತು ಎಂದುಕೊಳ್ಳಿ. ಅದರಲ್ಲಿದ್ದ ಪ್ರತಿಗಳನ್ನು ಸೆಫ್ ಬೇರೆಡೆ ಮತ್ತೆ ಮಾಡಬೇಕು. ಉಳಿದೆರಡು ಸರ್ವರ್‌ಗಳಲ್ಲಿ ಆಗಲೇ ಒಂದೊಂದು ಪ್ರತಿ ಇದೆ, ಒಂದೇ ಸರ್ವರ್‌ನಲ್ಲಿ ಎರಡು ಪ್ರತಿ ಇಡುವಂತಿಲ್ಲ. ಹೀಗಾಗಿ ಸತ್ತ ಡಿಸ್ಕಿನ ಭಾರವೆಲ್ಲ ಅದೇ ಸರ್ವರ್‌ನ ಉಳಿದ ಮೂರು ಡಿಸ್ಕ್‌ಗಳ ಮೇಲೇ ಬೀಳುತ್ತದೆ. ಆ ಮೂರರ ಒಟ್ಟು ಜಾಗ 5.76 ಟಿಬಿ. ಡಿಸ್ಕ್ ಶೇ 85 ತುಂಬಿದಾಗ ಸೆಫ್ ಎಚ್ಚರಿಕೆ ಕೊಡುತ್ತದೆ, ಶೇ 90ಕ್ಕೆ ಆ ಡಿಸ್ಕಿಗೆ ಪ್ರತಿ ತುಂಬುವುದನ್ನು ನಿಲ್ಲಿಸುತ್ತದೆ, ಶೇ 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಬರೆಯುವುದು ನಿಂತರೆ ಇಪ್ಪತ್ತೈದು ಮಶೀನ್‌ಗಳೂ ಒಟ್ಟಿಗೇ ನಿಂತ ಹಾಗೆ. 5.76ರ ಶೇ 85 ಎಂದರೆ 4.9 ಟಿಬಿ. ನೀವು ನಂಬಿ ತುಂಬಬಹುದಾದದ್ದು ಇಷ್ಟೇ. ತೆರೆಯ ಮೇಲೆ ಟೆಬಿಬೈಟ್ (1000ದ ಬದಲು 1024ರಿಂದ ಗುಣಿಸುವ) ಲೆಕ್ಕದಲ್ಲಿ ಇದು ಸುಮಾರು 4.45 ಎಂದು ಕಾಣುತ್ತದೆ. ನಿಮ್ಮ ಒಟ್ಟು ಡೇಟಾ 4 ಟಿಬಿ ಒಳಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ರ್‍ಯಾಮ್ ಲೆಕ್ಕವೂ ಹಾಗೆಯೇ. ಪ್ರತಿ ಡಿಸ್ಕಿಗೆ ಅದನ್ನು ನೋಡಿಕೊಳ್ಳುವ ಸೆಫ್‌ನ ಒಂದು ಓಎಸ್‌ಡಿ ಪ್ರಕ್ರಿಯೆ ಓಡುತ್ತದೆ, ಒಂದೊಂದೂ ಸುಮಾರು 4 ಜಿಬಿ ಬಯಸುತ್ತದೆ. ನಾಲ್ಕಕ್ಕೆ 16 ಜಿಬಿ, ಸೆಫ್‌ನ ಮಾನಿಟರ್ ಮತ್ತು ಮ್ಯಾನೇಜರ್ ಪ್ರಕ್ರಿಯೆಗಳು, ಆಪರೇಟಿಂಗ್ ಸಿಸ್ಟಮ್ ಸೇರಿ 24 ಜಿಬಿ ಪಕ್ಕಕ್ಕಿಡಿ. ಉಳಿಯುವುದು ಸರ್ವರ್‌ಗೆ 104. ಒಂದು ಸರ್ವರ್ ಹೋದಾಗ ಎರಡೇ ಸರ್ವರ್ ಎಲ್ಲವನ್ನೂ ಹೊರಬೇಕಲ್ಲ, ಹಾಗಾಗಿ ಎಲ್ಲ ವರ್ಚುವಲ್ ಮಶೀನ್‌ಗಳ ರ್‍ಯಾಮ್ ಮೊತ್ತ 208 ಜಿಬಿ ದಾಟಬಾರದು. 312 ಇದೆಯಲ್ಲ ಎಂದು ಹಂಚಿಬಿಟ್ಟರೆ ಕ್ಲಸ್ಟರ್ (ಸರ್ವರ್‌ಗಳ ಕೂಟ) ಕಟ್ಟಿದ ಉದ್ದೇಶವೇ ಹೋಯಿತು.

ಸ್ವಿಚ್ ಇಲ್ಲದಿರುವುದು ಅಡ್ಡಿಯಲ್ಲ. ಸರ್ವರ್‌ಗಳನ್ನು ನೇರ ಜೋಡಿಸುವ ಮೂರು ಡಿಎಸಿ (ತಾಮ್ರದ) ಕೇಬಲ್ ತನ್ನಿ. ಒಂದನೇ ಸರ್ವರ್‌ನಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಎಳೆದರೆ ಎಲ್ಲರಿಗೂ ಎಲ್ಲರೂ ನೇರ ಸಿಗುತ್ತಾರೆ. ಪ್ರಾಕ್ಸ್‌ಮಾಕ್ಸ್ 9ರಲ್ಲಿ ಸಾಫ್ಟ್‌ವೇರ್ ನೆಟ್‌ವರ್ಕ್ ವಿಭಾಗದೊಳಗೆ ಫ್ಯಾಬ್ರಿಕ್ ಎಂಬ ಆಯ್ಕೆ ಇದೆ. ಅಲ್ಲಿ ಓಪನ್‌ಫ್ಯಾಬ್ರಿಕ್ ಆರಿಸಿದರೆ ಒಂದು ಕೇಬಲ್ ಕಿತ್ತುಹೋದರೂ ಡೇಟಾ ಮೂರನೆಯ ಸರ್ವರ್ ಬಳಸಿಕೊಂಡು ಹೋಗುತ್ತದೆ. ನಾಲ್ಕನೇ ಸರ್ವರ್ ಸೇರಿಸುವ ದಿನ ಸ್ವಿಚ್ ಕೊಳ್ಳಬೇಕಾಗುತ್ತದೆ, ಅದು ನೆನಪಿರಲಿ. ಈ ಜಾಲದಲ್ಲಿ ಜಂಬೋ ಫ್ರೇಮ್ (ದೊಡ್ಡ ಡೇಟಾ ಪೊಟ್ಟಣ) ಹಾಕುವುದಾದರೆ ಆರೂ ಪೋರ್ಟ್‌ಗಳಲ್ಲಿ ಎಂಟಿಯು, ಅಂದರೆ ಪೊಟ್ಟಣದ ಗರಿಷ್ಠ ಗಾತ್ರ, 9000 ಇರಬೇಕು. ಒಂದರಲ್ಲಿ 1500 ಉಳಿದರೂ ವಿಚಿತ್ರ ತೊಂದರೆ: ಸಾಮಾನ್ಯ ಪಿಂಗ್ ಹೋಗುತ್ತದೆ, ಸರ್ವರ್‌ಗಳು ಒಂದನ್ನೊಂದು ಕಾಣುತ್ತವೆ, ಆದರೆ ದೊಡ್ಡ ಪೊಟ್ಟಣ ಹೋಗದೆ ಸೆಫ್ ಅರ್ಧದಲ್ಲಿ ತಡೆದು ನಿಲ್ಲುತ್ತದೆ. ಪೊಟ್ಟಣವನ್ನು ಒಡೆಯಬಾರದು ಎಂಬ ಆಯ್ಕೆ ಕೊಟ್ಟು 8972 ಬೈಟಿನ ಪಿಂಗ್ ಕಳಿಸಿ ನೋಡಿ. ಪ್ರತಿ ಜೋಡಿಯ ನಡುವೆ, ಎರಡೂ ದಿಕ್ಕಿನಲ್ಲಿ ಉತ್ತರ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಡಿಸ್ಕ್‌ಗಳನ್ನು ತಾನೇ ಗುಂಪು ಮಾಡುವ ರೇಡ್ ಕಾರ್ಡ್ ಇದ್ದರೆ ಅದನ್ನು ಎಚ್‌ಬಿಎ ಮೋಡ್‌ಗೆ ತನ್ನಿ; ಆಗ ಡಿಸ್ಕ್‌ಗಳು ಸೆಫ್‌ಗೆ ನೇರ ಕಾಣುತ್ತವೆ. ಡೆಲ್‌ನ ಪರ್ಕ್ ಎಚ್730, ಎಚ್‌ಪಿಯ ಪಿ440ಎಆರ್ ಇಂಥವುಗಳಲ್ಲಿ ಆ ಸೌಲಭ್ಯ ಇದೆ. ಒಂದೊಂದು ಡಿಸ್ಕಿಗೂ ಒಂದೊಂದು ರೇಡ್ 0 ಮಾಡಿಕೊಡುವ ಅಡ್ಡದಾರಿ ಹಿಡಿಯಬೇಡಿ. ಡಿಸ್ಕಿನ ಆರೋಗ್ಯದ ವಿವರ ಸೆಫ್‌ಗೆ ಸರಿಯಾಗಿ ಸಿಗುವುದಿಲ್ಲ, ಡಿಸ್ಕ್ ಬದಲಿಸುವಾಗ ಮೊದಲು ಕಾರ್ಡಿನ ಮೆನುವಿಗೆ ಹೋಗಿ ಹೊಸ ರೇಡ್ 0 ಮಾಡುವ ಪಾಡು ಬೇರೆ.

ಸೆಫ್‌ನಲ್ಲಿ ಪೂಲ್ (ಸ್ಟೋರೇಜ್ ಭಾಗ) ಮಾಡುವಾಗ ಸೈಜ್ (ಪ್ರತಿಗಳ ಸಂಖ್ಯೆ) 3, ಮಿನ್ ಸೈಜ್ (ಬರೆಯಲು ಕನಿಷ್ಠ ಇರಬೇಕಾದ ಪ್ರತಿಗಳು) 2 ಎಂದೇ ಇರಲಿ. ಜಾಗ ಉಳಿಸಲು ಸೈಜ್ 2, ಮಿನ್ ಸೈಜ್ 1 ಮಾಡಿ ಎಂಬ ಸಲಹೆ ಬಂದರೆ ಖಂಡಿತ ಕೇಳಬೇಡಿ. ಏಕೆಂದರೆ: ಒಂದನೇ ಸರ್ವರ್ ಅಪ್‌ಡೇಟ್‌ಗಾಗಿ ಹತ್ತು ನಿಮಿಷ ಆರಿದೆ. ಆ ಹತ್ತು ನಿಮಿಷದ ಬರಹವೆಲ್ಲ ಎರಡನೇ ಸರ್ವರ್‌ನ ಒಂದೇ ಪ್ರತಿಗೆ ಹೋಯಿತು. ಒಂದನೆಯದು ಎದ್ದು ಬರುವ ಮೊದಲೇ ಎರಡನೆಯದರ ಡಿಸ್ಕ್ ಹೋಯಿತು. ಈಗ ಉಳಿದಿರುವುದು ಹತ್ತು ನಿಮಿಷ ಹಳೆಯ ಪ್ರತಿ, ಅದೂ ಮಧ್ಯ ಮಧ್ಯ ಹಳೆಯದು ಹೊಸದು ಬೆರೆತ ಡಿಸ್ಕ್. ಪರೀಕ್ಷಾ ವಿಭಾಗದ ಡೇಟಾಬೇಸ್ ಅಂಥ ಡಿಸ್ಕಿನಿಂದ ಮೇಲೇಳುವುದಿಲ್ಲ. ವಿದ್ಯಾರ್ಥಿಗಳ ಅಂಕಗಳನ್ನು ಇಂಥ ಅಪಾಯಕ್ಕೆ ಒಡ್ಡುವ ಹಕ್ಕು ನಮಗಿಲ್ಲ.

ಸರ್ವರ್ ಆರಿಸಿ ಕೆಲಸ ಮಾಡುವ ಮುನ್ನ ನೋಔಟ್ ಎಂಬ ಗುರುತು ಹಾಕಿ. ಇಲ್ಲದಿದ್ದರೆ ಓಎಸ್‌ಡಿ ಕಾಣೆಯಾದ 600 ಸೆಕೆಂಡಿಗೆ ಸೆಫ್ ಅದನ್ನು ಲೆಕ್ಕದಿಂದ ಹೊರಗಿಟ್ಟು, ಡೇಟಾ ಮರುಹಂಚಿಕೆಗೆ ಹೊರಡಬಹುದು. ಕೆಲಸ ಮುಗಿದ ಮೇಲೆ ಆ ಗುರುತು ತೆಗೆಯುವುದನ್ನು ಮರೆಯಬೇಡಿ. ಮರೆತರೆ ನಿಜವಾಗಿ ಡಿಸ್ಕ್ ಸತ್ತಾಗಲೂ ಸೆಫ್ ಸುಮ್ಮನಿರುತ್ತದೆ. ಮೂರೂ ಸರ್ವರ್‌ಗಳ ಗಡಿಯಾರ ಸಮಯ ಹೊಂದಿಸುವ ಕ್ರೋನಿ ಸಾಫ್ಟ್‌ವೇರ್ ಮೂಲಕ ಹೊಂದಿರಲಿ. ಮಾನಿಟರ್‌ಗಳ ನಡುವೆ 0.05 ಸೆಕೆಂಡ್ ವ್ಯತ್ಯಾಸ ಬಂದರೂ ಎಚ್ಚರಿಕೆ ಬರುತ್ತದೆ. ಹಳೆಯ ಸರ್ವರ್‌ನಲ್ಲಿ ಇದು ಮದರ್‌ಬೋರ್ಡಿನ ಬ್ಯಾಟರಿ ಸತ್ತಿರುವ ಸೂಚನೆಯೂ ಆಗಿರಬಹುದು.

ಪ್ರಶ್ನೆ: ನಮ್ಮ ಸಹಕಾರ ಸಂಘದಲ್ಲಿ ಎರಡೇ ಸರ್ವರ್. ನೆಟ್‌ವರ್ಕ್ 1 ಗಿಗಾಬಿಟ್. ಮಳೆಗಾಲದಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ. ಎರಡು ಸರ್ವರ್‌ಗೆ ಸೆಫ್ ಹಾಕಬಹುದೇ? ಮೂರನೆಯದು ಕೊಳ್ಳಲು ಈ ವರ್ಷ ಹಣವಿಲ್ಲ.
– ಓದುಗರು, ಶಿರಸಿ

ಉತ್ತರ: ಸೆಫ್ ಬೇಡ. ನೀವು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಒಂದು ಸರ್ವರ್ ಥಟ್ಟನೆ ಸತ್ತರೆ ಕೊನೆಯ ಎಷ್ಟು ನಿಮಿಷದ ನಮೂದುಗಳನ್ನು ಮತ್ತೆ ಕುಳಿತು ಬರೆಯಬಲ್ಲಿರಿ? ಸಾಫ್ಟ್‌ವೇರ್ ಯಾವುದು ಎಂಬುದು ಆ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಐದೋ ಹದಿನೈದೋ ನಿಮಿಷ ಹೋದರೆ ಸಂಭಾಳಿಸುತ್ತೇವೆ ಎನ್ನುವುದಾದರೆ ಪ್ರಾಕ್ಸ್‌ಮಾಕ್ಸ್‌ನ ಜಡ್‌ಎಫ್‌ಎಸ್ ರೆಪ್ಲಿಕೇಶನ್ (ಬದಲಾದ ಡೇಟಾವನ್ನು ಆಗಾಗ ಇನ್ನೊಂದು ಸರ್ವರ್‌ಗೆ ನಕಲಿಸುವುದು) ಸಾಕು. ನಮ್ಮ ಅಭಿಪ್ರಾಯದಲ್ಲಿ ಎರಡು ಸರ್ವರ್ ಇರುವ ಹೆಚ್ಚಿನ ಕಚೇರಿಗಳಿಗೆ ಇದಕ್ಕಿಂತ ನೆಮ್ಮದಿಯ ವ್ಯವಸ್ಥೆ ಇಲ್ಲ. ಎರಡೂ ಸರ್ವರ್‌ನಲ್ಲಿ ಒಂದೇ ಹೆಸರಿನ ಜಡ್‌ಎಫ್‌ಎಸ್ ಪೂಲ್ ಮಾಡಿ; ಹೆಸರು ಬೇರೆಯಾದರೆ ರೆಪ್ಲಿಕೇಶನ್ ನಡೆಯುವುದಿಲ್ಲ. ನಂತರ ಒಂದೊಂದೇ ವರ್ಚುವಲ್ ಮಶೀನ್ ತೆರೆದು ರೆಪ್ಲಿಕೇಶನ್ ಪುಟದಲ್ಲಿ ಇನ್ನೊಂದು ಸರ್ವರ್ ಆರಿಸಿ. ಅವಧಿ ತಾನಾಗಿ 15 ನಿಮಿಷ ಇರುತ್ತದೆ, ಒಂದು ನಿಮಿಷದವರೆಗೆ ಇಳಿಸಬಹುದು. ಸಂಘದ ಖಾತೆಗಳ ಡೇಟಾಬೇಸ್ ಇರುವ ಮಶೀನ್‌ಗೆ 2 ನಿಮಿಷ, ಉಳಿದವಕ್ಕೆ 15 ಇಡಿ. ಮೊದಲ ಸಲ ಪೂರ್ತಿ ಡೇಟಾ ಹೋಗಬೇಕು: 1 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಲೆಕ್ಕ ಹಿಡಿದರೆ 800 ಜಿಬಿಗೆ ಎರಡು ತಾಸು. ಆಮೇಲೆ ಬದಲಾದಷ್ಟೇ ಹೋಗುತ್ತದೆ.

ಎರಡು ಸರ್ವರ್‌ನ ಕ್ಲಸ್ಟರ್‌ನಲ್ಲಿ ಒಂದು ಹೋದರೆ ಇನ್ನೊಂದಕ್ಕೆ ಬಹುಮತ ಇರುವುದಿಲ್ಲ, ಅದು ಏನನ್ನೂ ಶುರು ಮಾಡಲು ಒಪ್ಪದು. ಮೂರನೇ ಮತಕ್ಕೆ ಒಂದು ರಾಸ್‌ಬೆರಿ ಪೈ ಅಥವಾ ಹಳೆಯ ಡೆಸ್ಕ್‌ಟಾಪ್ ಸಾಕು. ಅದರಲ್ಲಿ ಕೋರೋಸಿಂಕ್ ಕ್ಯೂನೆಟ್‌ಡಿ, ಎರಡೂ ಸರ್ವರ್‌ನಲ್ಲಿ ಕೋರೋಸಿಂಕ್ ಕ್ಯೂಡಿವೈಸ್ ಪ್ಯಾಕೇಜ್ ಹಾಕಿ, ಒಂದು ಸರ್ವರ್‌ನಿಂದ ಕ್ಯೂಡಿವೈಸ್ ಸೆಟಪ್ ಆಜ್ಞೆಗೆ ಪೈನ ಐಪಿ ಕೊಡಿ. ಟಿಸಿಪಿ 5403 ಪೋರ್ಟ್ ತೆರೆದಿರಲಿ. ಕ್ಲಸ್ಟರ್ ಸ್ಥಿತಿ ನೋಡಿದಾಗ ನಿರೀಕ್ಷಿತ ಮತ 3, ಕೋರಂ 2 ಎಂದು ಕಂಡರೆ ಸರಿಯಾಗಿದೆ. ಈ ಮೂರನೇ ಮತವನ್ನು ಅದೇ ಕ್ಲಸ್ಟರ್‌ನ ವರ್ಚುವಲ್ ಮಶೀನ್‌ನಲ್ಲಿ ಇಡುವವರಿದ್ದಾರೆ. ಆ ಸರ್ವರ್ ಹೋದಾಗ ಎರಡು ಮತ ಒಟ್ಟಿಗೇ ಹೋಗುತ್ತವೆ.

ಒಂದು ನಮೂದೂ ಹೋಗಕೂಡದು ಎನ್ನುವುದಾದರೆ, ಪ್ರತಿ ಬರಹವನ್ನೂ ಆಗಿಂದಾಗಲೇ ಎರಡೂ ಸರ್ವರ್‌ಗೆ ಬರೆಯುವ ಡಿಆರ್‌ಬಿಡಿ. ಇದೂ ವಿಯೆನ್ನಾದ್ದೇ, ಲಿನ್‌ಬಿಟ್ ಎಂಬ ಕಂಪನಿಯದ್ದು. 2010ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.33ರೊಳಗೆ ಸೇರಿತು. ಇದರ ಪ್ರೋಟೊಕಾಲ್ ಸಿ ಆರಿಸಿದರೆ ಎರಡೂ ಸರ್ವರ್‌ನ ಡಿಸ್ಕಿಗೆ ಬರಹ ಇಳಿದ ಮೇಲೆಯೇ ಬರೆದಾಯಿತು ಎಂಬ ಉತ್ತರ ಸಿಗುತ್ತದೆ. ನಿರ್ವಹಣೆಗೆ ಲಿನ್‌ಸ್ಟಾರ್ ಬಳಸಿ, ಡಿಸ್ಕಿಲ್ಲದ ಮೂರನೇ ಯಂತ್ರವನ್ನು ಟೈಬ್ರೇಕರ್ (ಮೂರನೇ ಮತ) ಆಗಿ ಸೇರಿಸಿ, ಕೋರಂ ಚಾಲೂ ಮಾಡಿ. ಟೈಬ್ರೇಕರ್ ಇಲ್ಲದೆ ಎರಡರ ನಡುವಿನ ಕೇಬಲ್ ಕಿತ್ತರೆ ಎರಡೂ ತಾನೇ ಯಜಮಾನ ಎಂದುಕೊಂಡು ಬೇರೆ ಬೇರೆ ಬರೆಯುತ್ತವೆ. ಆಮೇಲೆ ಯಾವುದಾದರೂ ಒಂದು ಕಡೆಯ ಬರಹವನ್ನು ಎಸೆಯಲೇಬೇಕು. ಇನ್ನೊಂದು ಅಪಾಯ ಕರ್ನಲ್ ಅಪ್‌ಡೇಟ್‌ನದು. ಕರ್ನಲ್‌ನೊಳಗೆ ಬರುವುದು ಡಿಆರ್‌ಬಿಡಿಯ ಹಳೆಯ 8.4; ಲಿನ್‌ಸ್ಟಾರ್‌ಗೆ ಬೇಕಾದ 9 ಹೊರಗಿನ ಮಾಡ್ಯೂಲ್. ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಮಾಡ್ಯೂಲ್ ತಯಾರಾಗದೆ, ರೀಬೂಟ್ ಆದ ಮೇಲೆ ಹಳೆಯ 8.4 ಲೋಡ್ ಆಗಿ ಸ್ಟೋರೇಜ್ ಏಳುವುದೇ ಇಲ್ಲ. ಹಾಗಾಗಿ ರೀಬೂಟ್‌ಗೆ ಮುಂಚೆ, ಮಾಡ್ಯೂಲ್ ತಯಾರಿಸುವ ಡಿಕೆಎಂಎಸ್‌ನ ಸ್ಥಿತಿ ನೋಡುವುದನ್ನು ಕಡ್ಡಾಯ ಮಾಡಿಕೊಳ್ಳಿ, ಎರಡೂ ಸರ್ವರ್‌ಗಳನ್ನು ಒಂದೇ ದಿನ ಅಪ್‌ಡೇಟ್ ಮಾಡಬೇಡಿ.

ಕರೆಂಟ್ ವಿಚಾರ: ಎರಡು ಸರ್ವರ್, ಸ್ವಿಚ್, ಪೈ ಎಲ್ಲವೂ ಯುಪಿಎಸ್ ಮೇಲಿರಬೇಕು. ಸ್ವಿಚ್ ಗೋಡೆಯ ಪ್ಲಗ್‌ನಲ್ಲಿದ್ದರೆ ಕರೆಂಟ್ ಹೋದೊಡನೆ ಸರ್ವರ್‌ಗಳ ನಡುವಿನ ಮಾತು ನಿಲ್ಲುತ್ತದೆ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಒಂದು ಸರ್ವರ್‌ಗೆ ಕೊಟ್ಟು ನಟ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ. ಇನ್ನೊಂದು ಸರ್ವರ್ ಅದರಿಂದಲೇ ಸುದ್ದಿ ಪಡೆಯುತ್ತದೆ. ಬ್ಯಾಟರಿ ತಳ ಮುಟ್ಟುವ ಮುನ್ನ ವರ್ಚುವಲ್ ಮಶೀನ್‌ಗಳು ಕ್ರಮವಾಗಿ ಮುಚ್ಚಲು ಎಷ್ಟು ಹೊತ್ತು ಬೇಕು ಎಂದು ಒಮ್ಮೆ ಗಡಿಯಾರ ಹಿಡಿದು ನೋಡಿ, ಅದಕ್ಕೆ ಎರಡರಷ್ಟು ಸಮಯ ಉಳಿದಿರುವಾಗಲೇ ಮುಚ್ಚುವ ಆಜ್ಞೆ ಹೋಗಲಿ.

ಪ್ರಶ್ನೆ: ಪ್ರಾಕ್ಸ್‌ಮಾಕ್ಸ್ ಇರುವ ಮೂರು ಸರ್ವರ್‌ಗಳಲ್ಲಿ ಡಿಸ್ಕ್ ಒಟ್ಟುಗೂಡಿಸುವ ಗ್ಲಸ್ಟರ್ ಸಾಫ್ಟ್‌ವೇರ್ ಓಡುತ್ತಿದೆ, ತೊಂದರೆಯೇನಿಲ್ಲ. ಮುಂದುವರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಹೊಸದಾಗಿ ಹಾಕಬೇಡಿ, ಇರುವುದರಿಂದ ಹೊರಬರುವ ಯೋಜನೆ ಈಗಲೇ ಮಾಡಿ. ಗ್ಲಸ್ಟರ್ ಮೇಲೆ ನಮಗೆ ಅಭಿಮಾನ ಇದೆ: ಆ ಕಂಪನಿಯ ಎಂಜಿನಿಯರಿಂಗ್ ಕೇಂದ್ರ ಇದ್ದದ್ದು ಬೆಂಗಳೂರಿನಲ್ಲಿ, 2011ರಲ್ಲಿ ರೆಡ್ ಹ್ಯಾಟ್ ಅದನ್ನು ಕೊಂಡಿತು. ಆದರೆ ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಸ್ಟೋರೇಜ್‌ಗೆ 2024ರ ಡಿಸೆಂಬರ್ 31ಕ್ಕೆ ಮುಕ್ತಾಯ ಹಾಡಿತು, ಪ್ರಾಕ್ಸ್‌ಮಾಕ್ಸ್ 9 ಅದರ ಬೆಂಬಲವನ್ನು ತೆಗೆದುಹಾಕಿತು. ಪ್ರಾಕ್ಸ್‌ಮಾಕ್ಸ್ 8ರಲ್ಲಿದ್ದರೆ 9ಕ್ಕೆ ಏರುವ ಮೊದಲೇ ಡಿಸ್ಕ್‌ಗಳನ್ನು ಬೇರೆ ಸ್ಟೋರೇಜ್‌ಗೆ ಸರಿಸಬೇಕು. ಮಶೀನ್ ಓಡುತ್ತಿರುವಾಗಲೇ ಮೂವ್ ಡಿಸ್ಕ್ ಮಾಡಬಹುದು. ಮೂಲವನ್ನು ಅಳಿಸು ಎಂಬ ಗುರುತು ಮಾತ್ರ ಹಾಕಬೇಡಿ, ಎರಡು ದಿನ ನೋಡಿ ಆಮೇಲೆ ಅಳಿಸಿ.

ಪ್ರಶ್ನೆ: ಮೂರು ಸರ್ವರ್‌ನ ಸೆಫ್ ಹಾಕಿದೆವು. ಡಿಸ್ಕ್‌ಗಳ ಮೇಲೆ ಸೆಕೆಂಡಿಗೆ 500 ಎಂಬಿಗೂ ಹೆಚ್ಚು ವೇಗ ಎಂದು ಬರೆದಿದೆ. ಆದರೂ ಟ್ಯಾಲಿ ತೆರೆಯಲು, ಡೇಟಾಬೇಸ್‌ನಲ್ಲಿ ಒಂದು ಬಿಲ್ ಉಳಿಸಲು ತಡವಾಗುತ್ತದೆ. ಡಿಸ್ಕ್‌ಗಳು ಡೆಸ್ಕ್‌ಟಾಪ್‌ಗೆ ಬರುವ ಸಾಮಾನ್ಯ ಎಸ್‌ಎಸ್‌ಡಿ. ಸೆಫ್‌ನದೇ ದೋಷವೇ?
– ಓದುಗರು, ಮಂಗಳೂರು

ಉತ್ತರ: ದೋಷ ಡಿಸ್ಕಿನ ಆಯ್ಕೆಯದು. ಡಬ್ಬಿಯ ಮೇಲಿನ ವೇಗ ದೊಡ್ಡ ಫೈಲ್‌ಗಳನ್ನು ಸಾಲಾಗಿ ಬರೆಯುವಾಗಿನದು. ಸೆಫ್ ಕೇಳುವುದು ಬೇರೆ: ಈ ನಾಲ್ಕು ಕೆಬಿಯನ್ನು ಬರೆ, ಕರೆಂಟ್ ಹೋದರೂ ಉಳಿಯುವ ಹಾಗೆ ಬರೆದೆ ಎಂದು ಖಾತ್ರಿ ಕೊಡು, ಆಮೇಲೆ ಮುಂದಿನದು. ಎಂಟರ್‌ಪ್ರೈಸ್ ಎಸ್‌ಎಸ್‌ಡಿಯ ಸರ್ಕಿಟ್ ಹಲಗೆಯ ಮೇಲೆ ಕೆಪಾಸಿಟರ್‌ಗಳ ಸಾಲು ಇರುತ್ತದೆ. ಕರೆಂಟ್ ಹೋದರೂ ಒಳಗಿನ ರ್‍ಯಾಮ್‌ನಲ್ಲಿರುವುದನ್ನು ಫ್ಲ್ಯಾಶ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಇರುವುದರಿಂದ, ಬರಹ ರ್‍ಯಾಮ್‌ಗೆ ಬಂದ ಕೂಡಲೇ ಡಿಸ್ಕ್ ಖಾತ್ರಿ ಕೊಡಬಲ್ಲದು. ಸಾಮಾನ್ಯ ಎಸ್‌ಎಸ್‌ಡಿಗೆ ಆ ಧೈರ್ಯವಿಲ್ಲ, ಪ್ರತಿ ಸಲವೂ ಫ್ಲ್ಯಾಶ್‌ವರೆಗೆ ಹೋಗಿ ಬರೆದೇ ಉತ್ತರಿಸಬೇಕು. ಮೂರು ಪ್ರತಿಗಳಲ್ಲಿ ಅತಿ ನಿಧಾನದ ಡಿಸ್ಕ್ ಉತ್ತರ ಕೊಡುವವರೆಗೆ ನಿಮ್ಮ ಬಿಲ್ ಕಾಯುತ್ತದೆ.

ನೀವೇ ಅಳೆದು ನೋಡಬಹುದು. ಎಫ್‌ಐಒ ಎಂಬ ಸಾಧನದಲ್ಲಿ ಬ್ಲಾಕ್ 4 ಕೆಬಿ, ಬರೆಯುವಿಕೆ, ಡೈರೆಕ್ಟ್ 1, ಸಿಂಕ್ 1, ಐಒ ಡೆಪ್ತ್ 1, ಜಾಬ್ 1, ಅವಧಿ 60 ಸೆಕೆಂಡ್ ಎಂದು ಕೊಟ್ಟು ಓಡಿಸಿ. ನೇರ ಡಿಸ್ಕಿನ ಮೇಲೆ ಓಡಿಸಿದರೆ ಅದರಲ್ಲಿರುವುದೆಲ್ಲ ಅಳಿಯುತ್ತದೆ, ಹಾಗಾಗಿ ಖಾಲಿ ಡಿಸ್ಕಿನಲ್ಲೇ ಮಾಡಿ. ಉತ್ತರ ಸೆಕೆಂಡಿಗೆ ಕೆಲವು ನೂರು ಬರಹ ಎಂದು ಬಂದರೆ ಆ ಡಿಸ್ಕ್ ಸೆಫ್‌ಗೆ ಆಗದು. ಕೆಪಾಸಿಟರ್ ಇರುವ ಡಿಸ್ಕಿನಲ್ಲಿ ಇದೇ ಅಂಕಿ ಹತ್ತು ಸಾವಿರ ದಾಟುವುದು ಸಾಮಾನ್ಯ. ಕೊಳ್ಳುವಾಗ ಮಾಹಿತಿ ಪತ್ರದಲ್ಲಿ ಪವರ್ ಲಾಸ್ ಪ್ರೊಟೆಕ್ಷನ್ ಎಂಬ ಸಾಲು ಹುಡುಕಿ, ದಿನಕ್ಕೆ ಒಂದು ಸಲ ಪೂರ್ತಿ ಬರೆಯುವ ತಾಳಿಕೆ ಇರುವುದನ್ನು ಆರಿಸಿ. ಬಳಸಿದ ಎಂಟರ್‌ಪ್ರೈಸ್ ಡಿಸ್ಕ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಸಿಕ್ಕಿದರೆ ಕೊಳ್ಳಲಡ್ಡಿಯಿಲ್ಲ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯಲ್ಲಿ ಸವೆತದ ಶೇಕಡಾವಾರು ಮಾತ್ರ ನೋಡಿಯೇ ಹಣ ಕೊಡಿ. ಹೊಸ ಸಾಮಾನ್ಯ ಡಿಸ್ಕಿಗಿಂತ ಶೇ 20 ಸವೆದ ಎಂಟರ್‌ಪ್ರೈಸ್ ಡಿಸ್ಕ್ ಈ ಕೆಲಸಕ್ಕೆ ಮೇಲು.

ಡಿಸ್ಕ್ ಬದಲಿಸಲು ಈಗ ಆಗದಿದ್ದರೆ ಸೆಫ್ ಬಿಟ್ಟು ಜಡ್‌ಎಫ್‌ಎಸ್ ರೆಪ್ಲಿಕೇಶನ್‌ಗೆ ಬನ್ನಿ. ಬರಹಕ್ಕೆ ನೆಟ್‌ವರ್ಕ್ ದಾಟಿ ಹೋಗಿ ಬರುವ ಕೆಲಸ ತಪ್ಪುತ್ತದೆ, ಅಷ್ಟರ ಮಟ್ಟಿಗೆ ಬಿಲ್ ಉಳಿಸುವ ತಡ ಇಳಿಯುತ್ತದೆ. ಜಡ್‌ಎಫ್‌ಎಸ್ ತನ್ನ ಕ್ಯಾಶ್‌ಗೆ ರ್‍ಯಾಮ್ ತಿನ್ನುತ್ತದೆ ಎಂಬ ಭಯವಿದ್ದರೆ: ಪ್ರಾಕ್ಸ್‌ಮಾಕ್ಸ್ 8.1ರಿಂದ ಹೊಸದಾಗಿ ಹಾಕಿದ ಸರ್ವರ್‌ಗಳಲ್ಲಿ ಅದರ ಮಿತಿ ಒಟ್ಟು ರ್‍ಯಾಮ್‌ನ ಶೇ 10, ಗರಿಷ್ಠ 16 ಜಿಬಿ. ಹಳೆಯ ಸರ್ವರ್‌ನಲ್ಲಿ ಅರ್ಧದವರೆಗೂ ಹೋಗಬಹುದು, ಅಲ್ಲಿ ಮಿತಿಯನ್ನು ನೀವೇ ಹಾಕಬೇಕು.

ಪ್ರಶ್ನೆ: ರಾತ್ರಿ ಬ್ಯಾಕಪ್ ಶುರುವಾದ ಸ್ವಲ್ಪ ಹೊತ್ತಿಗೆ ನಮ್ಮ ಮೂರೂ ಪ್ರಾಕ್ಸ್‌ಮಾಕ್ಸ್ ಸರ್ವರ್‌ಗಳು ಒಟ್ಟಿಗೇ ರೀಬೂಟ್ ಆಗುತ್ತವೆ. ವಿದ್ಯುತ್ ಸರಿಯಾಗಿದೆ. ಏನು ಕಾರಣ?
– ಓದುಗರು, ಕಲಬುರಗಿ

ಉತ್ತರ: ಕ್ಲಸ್ಟರ್‌ನ ಒಳಮಾತು ಮತ್ತು ಬ್ಯಾಕಪ್ ಒಂದೇ ಕೇಬಲ್‌ನಲ್ಲಿ ಹೋಗುತ್ತಿವೆ ಎಂದು ತೋರುತ್ತದೆ. ಸರ್ವರ್‌ಗಳು ಕೋರೋಸಿಂಕ್ ಮೂಲಕ ಸದಾ ಸಣ್ಣ ಸಂದೇಶ ಕಳಿಸಿಕೊಳ್ಳುತ್ತಿರುತ್ತವೆ. ಅದಕ್ಕೆ ಬೇಕಾದ ಬ್ಯಾಂಡ್‌ವಿಡ್ತ್ ಅತ್ಯಲ್ಪ, ಆದರೆ 5 ಮಿಲಿಸೆಕೆಂಡ್ ಒಳಗೆ ತಲುಪಬೇಕು. ಬ್ಯಾಕಪ್ ತುಂಬಿ ಹರಿಯುವಾಗ ಈ ಸಂದೇಶ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಸರ್ವರ್ ತಾನು ಒಂಟಿಯಾದೆ ಎಂದು ಭಾವಿಸುತ್ತದೆ. ಹೈ ಅವೈಲಬಿಲಿಟಿ (ಎಚ್‌ಎ: ಕೆಟ್ಟ ಸರ್ವರ್‌ನ ಮಶೀನ್‌ಗಳನ್ನು ಬೇರೆಡೆ ತಾನಾಗಿ ಎಬ್ಬಿಸುವ ಸೌಲಭ್ಯ) ಚಾಲೂ ಇದ್ದಾಗ, ಬಹುಮತ ಕಳೆದುಕೊಂಡ ಸರ್ವರ್ ಸುಮಾರು ಒಂದು ನಿಮಿಷ ಕಾದು ವಾಚ್‌ಡಾಗ್ ಎಂಬ ಕಾವಲು ಟೈಮರ್ ಮೂಲಕ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ಒಂದೇ ಡಿಸ್ಕಿಗೆ ಇಬ್ಬರು ಬರೆಯದಿರಲಿ ಎಂದು ಇರುವ ರಕ್ಷಣೆ ಅದು, ಕೆಟ್ಟು ನಿಂತದ್ದಲ್ಲ. ಲಾಗ್‌ನಲ್ಲಿ ರೀಬೂಟ್‌ಗೆ ಮುಂಚಿನ ಎರಡು ನಿಮಿಷ ತೆರೆದು ನೋಡಿ, ಟೋಕನ್ ಬರಲಿಲ್ಲ, ಲಿಂಕ್ ಡೌನ್ ಎಂಬ ಸಾಲುಗಳು ಸಿಕ್ಕಿದರೆ ಕಾರಣ ಇದೇ.

ಪರಿಹಾರ ಅಗ್ಗ. ಸರ್ವರ್‌ನ ಒಂದು 1 ಗಿಗಾಬಿಟ್ ಪೋರ್ಟನ್ನು ಕೋರೋಸಿಂಕ್‌ಗೇ ಮೀಸಲಿಟ್ಟು, ಐದು ಪೋರ್ಟಿನ ಬೇರೆ ಸಣ್ಣ ಸ್ವಿಚ್‌ಗೆ ಸೇರಿಸಿ. ಈಗಿರುವ ಜಾಲವನ್ನು ಎರಡನೇ ಲಿಂಕ್ ಆಗಿ ಉಳಿಸಿ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಬ್ಯಾಕಪ್‌ಗೆ ವೇಗದ ಮಿತಿಯನ್ನೂ ಹಾಕಿ. ಸ್ವಿಚ್ ಬದಲಿಸುವ ದಿನ ಮೊದಲು ಎಲ್ಲ ಸರ್ವರ್‌ಗಳಲ್ಲಿ ಎಚ್‌ಎಯ ಎಲ್‌ಆರ್‌ಎಂ ಸೇವೆ, ಅದಾದ ಮೇಲೆ ಸಿಆರ್‌ಎಂ ಸೇವೆ ನಿಲ್ಲಿಸಿ. ಕೇಬಲ್ ಬಿಚ್ಚಿದೊಡನೆ ಎಲ್ಲ ರೀಬೂಟ್ ಆಗುವುದು ತಪ್ಪುತ್ತದೆ.

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಎಲ್ಲವೂ ವಿಂಡೋಸ್. ಲಿನಕ್ಸ್ ಬಲ್ಲವರಿಲ್ಲ. ಎರಡು ಸರ್ವರ್‌ನಲ್ಲಿ ವರ್ಚುವಲ್ ಮಶೀನ್ ಓಡಿಸಲು ಹೈಪರ್ ವಿ ಇದೆ, ವಿಂಡೋಸ್ ಸರ್ವರ್‌ನ ಲೈಸೆನ್ಸ್ ಸ್ಟ್ಯಾಂಡರ್ಡ್ ಆವೃತ್ತಿಯದು. ಉಚಿತವಾಗಿ ಏನು ಸಾಧ್ಯ?
– ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ಮೈಕ್ರೋಸಾಫ್ಟ್‌ನದೇ ವರ್ಚುವಲ್ ಸ್ಯಾನ್ ಆದ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್, ದುಬಾರಿ ಡೇಟಾಸೆಂಟರ್ ಆವೃತ್ತಿಗೆ ಮಾತ್ರ, ಅದನ್ನು ಮರೆತುಬಿಡಿ. ನಿಮ್ಮ ಸ್ಟ್ಯಾಂಡರ್ಡ್‌ನಲ್ಲೇ ಹೈಪರ್ ವಿ ರೆಪ್ಲಿಕಾ ಇದೆ: 30 ಸೆಕೆಂಡ್, 5 ನಿಮಿಷ ಅಥವಾ 15 ನಿಮಿಷಕ್ಕೊಮ್ಮೆ ಬದಲಾವಣೆಯನ್ನು ಇನ್ನೊಂದು ಸರ್ವರ್‌ಗೆ ಕಳಿಸುತ್ತದೆ. ಮೊದಲನೆಯದು ಕೆಟ್ಟಾಗ ಎರಡನೆಯದರಲ್ಲಿ ಫೇಲ್‌ಓವರ್ (ಕೆಲಸವನ್ನು ಇತ್ತ ವರ್ಗಾಯಿಸುವ ಆಜ್ಞೆ) ಅನ್ನು ಯಾರಾದರೂ ಕೈಯಾರೆ ಒತ್ತಬೇಕು. ಪಾಳಿಯಲ್ಲಿ ಒಬ್ಬರಿಗೆ ಅದರ ಹೆಜ್ಜೆಗಳನ್ನು ಕಲಿಸಿ, ಗೋಡೆಗೆ ಬರೆದು ಅಂಟಿಸಿದರೆ ಸಣ್ಣ ಕಾರ್ಖಾನೆಗೆ ಇದು ಧಾರಾಳ. ಎರಡನೇ ಸರ್ವರ್‌ಗೂ ಲೈಸೆನ್ಸ್ ಇರಬೇಕು.

ತಾನಾಗಿಯೇ ಬದಲಾಗಬೇಕು ಎಂದಾದರೆ ಸ್ಟಾರ್‌ವಿಂಡ್ ವರ್ಚುವಲ್ ಸ್ಯಾನ್‌ನ ಉಚಿತ ಆವೃತ್ತಿ ನೋಡಬಹುದು. ಈ ಕಂಪನಿಯನ್ನು 2025ರಲ್ಲಿ ಡೇಟಾಕೋರ್ ಕೊಂಡಿತು. ಕೈ ಬದಲಾದ ಕಂಪನಿಯ ಉಚಿತ ಆವೃತ್ತಿಯ ಷರತ್ತುಗಳನ್ನು ಡೌನ್‌ಲೋಡ್ ಮಾಡುವ ದಿನವೇ ಓದಿ, ಆ ಪ್ರತಿಯನ್ನು ಉಳಿಸಿಕೊಳ್ಳಿ. ಡೇಟಾದ ಸಿಂಕ್ ಕೇಬಲ್ ಒಂದು, ಇನ್ನೊಂದು ಸರ್ವರ್ ಬದುಕಿದೆಯೇ ಎಂದು ಕೇಳುವ ಹಾರ್ಟ್‌ಬೀಟ್ ಬೇರೆ ಕೇಬಲ್‌ನಲ್ಲಿ ಇರಲೇಬೇಕು.

ಪ್ರಶ್ನೆ: ನಮ್ಮ ರೋಗನಿದಾನ ಕೇಂದ್ರದಲ್ಲಿ ವಿಎಂವೇರ್‌ನ ಇಎಸ್‌ಎಕ್ಸ್‌ಐ 6.7 ಮೇಲೆ ಆರು ವರ್ಚುವಲ್ ಮಶೀನ್ ಇವೆ, ನಾಲ್ಕು ವಿಂಡೋಸ್. ಉಚಿತ ಇಎಸ್‌ಎಕ್ಸ್‌ಐ ಮತ್ತೆ ಬಂದಿದೆಯಂತೆ. ಅದರಲ್ಲೇ ಉಳಿಯುವುದೋ, ಪ್ರಾಕ್ಸ್‌ಮಾಕ್ಸ್‌ಗೆ ಹೋಗುವುದೋ?
– ಓದುಗರು, ಹುಬ್ಬಳ್ಳಿ

ಉತ್ತರ: ಹೋಗಿ. 2024ರ ಫೆಬ್ರವರಿಯಲ್ಲಿ ನಿಲ್ಲಿಸಿದ ಉಚಿತ ಇಎಸ್‌ಎಕ್ಸ್‌ಐ 2025ರ ಏಪ್ರಿಲ್‌ನಲ್ಲಿ 8.0 ಅಪ್‌ಡೇಟ್ 3ಇ ಜೊತೆ ಮರಳಿತು, ನಿಜ. ಆದರೆ ಅದನ್ನು ಹಲವು ಸರ್ವರ್ ಒಟ್ಟಿಗೆ ನಿರ್ವಹಿಸುವ ವಿಸೆಂಟರ್‌ಗೆ ಸೇರಿಸಲಾಗದು, ಹಾಗಾಗಿ ವಿಸ್ಯಾನ್ (ವಿಎಂವೇರ್‌ನ ವರ್ಚುವಲ್ ಸ್ಯಾನ್) ಇಲ್ಲ, ಕ್ಲಸ್ಟರ್ ಇಲ್ಲ. ನಿಮ್ಮ 6.7ಕ್ಕೆ ಬೆಂಬಲ 2022ರ ಅಕ್ಟೋಬರ್‌ನಲ್ಲೇ ಮುಗಿದಿದೆ. ರೋಗಿಗಳ ವರದಿ ಇರುವ ಸರ್ವರ್‌ಗೆ ಭದ್ರತಾ ತೇಪೆ ಬರದೇ ಇರುವುದು ಸಣ್ಣ ಮಾತಲ್ಲ.

ಪ್ರಾಕ್ಸ್‌ಮಾಕ್ಸ್‌ನಲ್ಲಿ 8.2ರಿಂದ ಇಎಸ್‌ಎಕ್ಸ್‌ಐ ಆಮದು ಮಾಡುವ ಸೌಲಭ್ಯ ಇದೆ. ಸ್ಟೋರೇಜ್ ಪಟ್ಟಿಗೆ ಹಳೆಯ ಸರ್ವರ್‌ನ ಐಪಿ, ಪಾಸ್‌ವರ್ಡ್ ಕೊಟ್ಟು ಸೇರಿಸಿದರೆ ಮಶೀನ್‌ಗಳ ಪಟ್ಟಿ ಬರುತ್ತದೆ. ಆಮದು ಒತ್ತುವ ಮೊದಲು ಇಷ್ಟು ಮುಗಿಸಿ. ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಅಳಿಸಿ, ಅವಿದ್ದರೆ ಆಮದು ಬಹಳ ನಿಧಾನ. ವಿಂಡೋಸ್‌ನಲ್ಲಿ ವಿಎಂವೇರ್ ಟೂಲ್ಸ್ ಅನ್ನು ಅಲ್ಲೇ ತೆಗೆಯಿರಿ, ಸ್ಥಳಾಂತರದ ಮೇಲೆ ಅದು ಸುಲಭಕ್ಕೆ ಹೋಗುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನ ವರ್ಚುವಲ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗೆ ಬೇಕಾದ ವರ್ಟ್‌ಐಒ ಡ್ರೈವರ್‌ಗಳನ್ನು ಮುಂಚೆಯೇ ಹಾಕಿ. ಐಪಿ, ಗೇಟ್‌ವೇ, ಡಿಎನ್‌ಎಸ್ ಬರೆದಿಟ್ಟುಕೊಳ್ಳಿ: ಹೊಸ ನೆಟ್‌ವರ್ಕ್ ಕಾರ್ಡ್ ಎಂದು ವಿಂಡೋಸ್ ಹಳೆಯ ಐಪಿ ಬಿಡುತ್ತದೆ, ಲಿನಕ್ಸ್‌ನಲ್ಲಿ ಕಾರ್ಡಿನ ಹೆಸರೇ ಬದಲಾಗುತ್ತದೆ.

ವಿಂಡೋಸ್ ನೀಲಿ ಪರದೆ ತೋರಿಸಿದರೆ ಬೂಟ್ ಡಿಸ್ಕನ್ನು ಸಾಟಾ ಎಂದು ಬದಲಿಸಿ ಶುರು ಮಾಡಿ. ಅದು ಎದ್ದ ಮೇಲೆ 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟ್‌ಐಒ ಸ್ಕಸಿ ಎಂದು ಸೇರಿಸಿ. ವಿಂಡೋಸ್ ಡ್ರೈವರ್ ಗುರುತಿಸಿಕೊಂಡ ಮೇಲೆ ಮುಚ್ಚಿ, ಬೂಟ್ ಡಿಸ್ಕನ್ನೂ ಸ್ಕಸಿಗೆ ತಂದು, ಬೂಟ್ ಕ್ರಮದಲ್ಲಿ ಅದನ್ನು ಮೇಲಿಡಿ, ಖಾಲಿ ಡಿಸ್ಕ್ ತೆಗೆಯಿರಿ. ಅತಿ ಕಡಿಮೆ ಮುಖ್ಯವಾದ ಮಶೀನ್‌ನಿಂದ ಶುರು ಮಾಡಿ, ಪ್ರಯೋಗಾಲಯದ ವರದಿಯದ್ದನ್ನು ಕೊನೆಗೆ ಭಾನುವಾರ ಮಧ್ಯಾಹ್ನಕ್ಕೆ ಇಡಿ. ಹಳೆಯ ಮಶೀನನ್ನು ಆರಿಸಿ ಇಡಿ, ಅಳಿಸಬೇಡಿ. ಎರಡೂ ಒಟ್ಟಿಗೆ ಎದ್ದರೆ ಒಂದೇ ಐಪಿಗೆ ಜಗಳ ಶುರುವಾಗುತ್ತದೆ.

ಎರಡನೇ ಸರ್ವರ್ ಕೊಳ್ಳುವ ಹಣ ಬಂದಾಗ ಮೇಲೆ ಶಿರಸಿಯ ಓದುಗರಿಗೆ ಹೇಳಿದ ವ್ಯವಸ್ಥೆಯೇ ನಿಮಗೂ ಹೊಂದುತ್ತದೆ. ಅದಕ್ಕಿಂತ ಮೊದಲು ಆಗಬೇಕಾದ್ದು ಬ್ಯಾಕಪ್. ಸೆಫ್ ಇರಲಿ, ರೆಪ್ಲಿಕೇಶನ್ ಇರಲಿ, ರ್‍ಯಾನ್ಸಮ್‌ವೇರ್ ಹಣಕ್ಕಾಗಿ ಬೀಗ ಜಡಿದ ಫೈಲನ್ನೂ ಅವು ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತವೆ. ಒಂದು ಹಳೆಯ ಕಂಪ್ಯೂಟರ್‌ಗೆ ಎರಡು 4 ಟಿಬಿ ಡಿಸ್ಕ್ ಮಿರರ್ ಮಾಡಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿ, ಅದನ್ನು ಬೇರೆ ಕೋಣೆಯಲ್ಲಿಡಿ. ಅದರ ಪಾಸ್‌ವರ್ಡ್ ಸರ್ವರ್‌ಗಳ ಪಾಸ್‌ವರ್ಡ್‌ಗಿಂತ ಬೇರೆಯಿರಲಿ, ಮತ್ತು ಸರ್ವರ್‌ಗಳಿಗೆ ಕೊಡುವ ಟೋಕನ್‌ಗೆ (ಲಾಗಿನ್ ಕೀಲಿಗೆ) ಬ್ಯಾಕಪ್ ಬರೆಯುವ ಹಕ್ಕು ಮಾತ್ರ ಕೊಡಿ, ಹಳೆಯದನ್ನು ಅಳಿಸುವ ಹಕ್ಕು ಬೇಡ. ವಾರಕ್ಕೊಮ್ಮೆ ವೆರಿಫೈ ಕೆಲಸ ತಾನಾಗಿ ಓಡಲಿ. ತಿಂಗಳಿಗೊಮ್ಮೆ ಒಂದು ಮಶೀನನ್ನು ಬೇರೆ ಸಂಖ್ಯೆ ಕೊಟ್ಟು ರಿಸ್ಟೋರ್ ಮಾಡಿ, ನೆಟ್‌ವರ್ಕ್ ಕಾರ್ಡ್ ಬಿಚ್ಚಿ ಶುರು ಮಾಡಿ, ಹಿಂದಿನ ದಿನದ ಕೊನೆಯ ರೋಗಿಯ ವರದಿ ಅದರಲ್ಲಿ ತೆರೆಯುತ್ತದೆಯೇ ಎಂದು ಪ್ರಯೋಗಾಲಯದವರಿಂದಲೇ ನೋಡಿಸಿ.